ಸರ್ಕಾರ ಎಲ್ಲಿಗೆ ನಿಲ್ಲಬೇಕು? ಲಿಬರ್ಟೇರಿಯನ್ನರ ತಕರಾರನ್ನು ಸ್ವಲ್ಪ ಬಿಡಿಸಿ ನೋಡೋಣ

ಲಿಬರ್ಟೇರಿಯನ್ನರು ಅಂದರೆ ವ್ಯಕ್ತಿಯ ಸ್ವಾತಂತ್ರ್ಯ ಮೊದಲು, ಸರ್ಕಾರ ಆದಷ್ಟು ಸಣ್ಣದಿರಲಿ ಅನ್ನುವವರು. ಆದರೆ ಲಿಬರ್ಟೇರಿಯನ್ ಅಂದ ತಕ್ಷಣ ಬಹಳ ಜನರ ಕಣ್ಣಮುಂದೆ ಬರುವುದು ತೆರಿಗೆ ಕಟ್ಟಲು ಮನಸ್ಸಿಲ್ಲದ ಶ್ರೀಮಂತ. ಅಂಥವರು ಇಲ್ಲ ಅಂತಲ್ಲ, ಬೇಕಾದಷ್ಟಿದ್ದಾರೆ. ಆದರೆ ಅಷ್ಟನ್ನೇ ಹಿಡಿದುಕೊಂಡರೆ ಈ ಜನ ಆಡುವ ಉಳಿದ ಮಾತುಗಳಿಗೆ ತಲೆಬುಡ ಸಿಗುವುದಿಲ್ಲ. ವಾರಂಟ್ ಇಲ್ಲದೆ ಪೊಲೀಸರು ಫೋನ್ ಜಾಲಾಡಬಾರದು ಅನ್ನುತ್ತಾರೆ. ಗಾಂಜಾ ಸೇದಿದವನನ್ನು ಜೈಲಿಗೆ ತಳ್ಳಬೇಡಿ ಅನ್ನುತ್ತಾರೆ. ಬ್ಯಾಂಕ್ ಮುಳುಗಿದರೆ ಮುಳುಗಲಿ, ಜನರ ದುಡ್ಡು ಸುರಿಯಬೇಡಿ ಅನ್ನುತ್ತಾರೆ. ಅವರಲ್ಲಿ ಎಷ್ಟೋ ಜನ, ಗಡಿ ದಾಟಿ ಕೆಲಸ ಹುಡುಕಿಕೊಂಡು ಬರುವವರನ್ನು ತಡೆಯಬೇಡಿ ಅಂತಲೂ ಹೇಳುತ್ತಾರೆ. ಎಡವೋ ಬಲವೋ ಅಂತ ಲೆಕ್ಕ ಹಾಕಲು ಹೋದರೆ ಎಲ್ಲ ಕಲಸುಮೇಲೋಗರ.

ಇವೆಲ್ಲದರ ಬೇರು ಒಂದೇ, ಬಲವಂತ. ಸರ್ಕಾರದ ಯಾವ ಕಾನೂನನ್ನೇ ತೆಗೆದುಕೊಳ್ಳಿ, ಪಾಲಿಸದಿದ್ದರೆ ಮೊದಲು ನೋಟಿಸ್, ಆಮೇಲೆ ದಂಡ, ದಂಡ ಕಟ್ಟದಿದ್ದರೆ ಕೋರ್ಟು, ಕೋರ್ಟಿಗೂ ಬಗ್ಗದಿದ್ದರೆ ಬಾಗಿಲಿಗೆ ಪೊಲೀಸರು. ಪುಟ್ಟ ಲೈಸೆನ್ಸ್ ನಿಯಮದ ತುದಿಯಲ್ಲೂ ಇದೇ ಇರುತ್ತದೆ. ಬೇರೆ ಯಾರೂ ಹೀಗೆ ಮಾಡುವ ಹಾಗಿಲ್ಲ, ಮಾಡಿದರೆ ಅದಕ್ಕೆ ಸುಲಿಗೆ ಅನ್ನುತ್ತೇವೆ. ಹಾಗಾಗಿ ಲಿಬರ್ಟೇರಿಯನ್ನರು ಒಂದು ಕೆಲಸ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಇದಕ್ಕಾಗಿ ಒಬ್ಬ ಮನುಷ್ಯನ ಮೇಲೆ ಬಲ ಹಾಕಬಹುದಾ? ಇನ್ನೊಬ್ಬರ ಮೈಗೋ ಆಸ್ತಿಗೋ ಕೈ ಹಾಕಿದವನನ್ನು ತಡೆಯಲು ಹಾಕಬಹುದು, ಮೋಸ ಮಾಡಿದವನ ಮೇಲೂ ಹಾಕಬಹುದು. ಅದರಾಚೆಗೆ ಯಾಕೆ ಅಂತ ವಿವರಿಸುವ ಹೊಣೆ ಸರ್ಕಾರದ್ದು.

17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಜನರ ಹಕ್ಕು ಮೊದಲು, ಸರ್ಕಾರ ಆಮೇಲೆ. ಆ ಹಕ್ಕುಗಳನ್ನು ಕಾಪಾಡಲಿಕ್ಕೆ ಅಂತಲೇ ಸರ್ಕಾರ. ಇವತ್ತಿನ ಲಿಬರ್ಟೇರಿಯನ್ನರಲ್ಲಿ ಎಲ್ಲರೂ ಒಂದೇ ಮಾತು ಆಡುವುದಿಲ್ಲ. ಪೊಲೀಸು, ಕೋರ್ಟು, ಸೈನ್ಯ ಇಷ್ಟಿದ್ದರೆ ಸಾಕು ಅನ್ನುವವರಿದ್ದಾರೆ, ತತ್ವಜ್ಞಾನಿ ರಾಬರ್ಟ್ ನೋಝಿಕ್ 1974ರಲ್ಲಿ ವಾದಿಸಿದ್ದು ಹಾಗೆ. ಅದೂ ಬೇಡ, ಎಲ್ಲವನ್ನೂ ಖಾಸಗಿಯವರೇ ಮಾಡಲಿ ಅನ್ನುವ ಮುರ್ರೇ ರಾತ್‌ಬಾರ್ಡ್ ತರಹದವರೂ ಇದ್ದಾರೆ. ಅಮೆರಿಕದಲ್ಲಿ 1971ರಲ್ಲಿ ಒಂದು ಪಕ್ಷವನ್ನೇ ಕಟ್ಟಿದರು. ಅದರ ಅತಿ ದೊಡ್ಡ ಸಾಧನೆ ಅಂದರೆ 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗ್ಯಾರಿ ಜಾನ್ಸನ್ ಗಳಿಸಿದ ಶೇಕಡ 3ಕ್ಕಿಂತ ಸ್ವಲ್ಪ ಜಾಸ್ತಿ ಮತ. ಚುನಾವಣೆಯಲ್ಲಿ ಗೆದ್ದದ್ದಕ್ಕಿಂತ ಕೋರ್ಟಿನಲ್ಲಿ, ವಾದದಲ್ಲಿ ಗೆದ್ದದ್ದೇ ಜಾಸ್ತಿ. ಹಾಗಾಗಿ ನಾವೂ ಪಕ್ಷವನ್ನು ಬಿಟ್ಟು ಕೇಸುಗಳನ್ನು ನೋಡೋಣ.

ಲೂಸಿಯಾನಾ ರಾಜ್ಯದಲ್ಲಿ ಸೇಂಟ್ ಜೋಸೆಫ್ ಆ್ಯಬಿ ಅಂತ ಬೆನೆಡಿಕ್ಟೈನ್ ಸನ್ಯಾಸಿಗಳ ಮಠ ಇದೆ. ತಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮರದ ಸಾದಾ ಶವಪೆಟ್ಟಿಗೆಯನ್ನು ತಾವೇ ಮಾಡಿಕೊಳ್ಳುವುದು ಅವರ ರೂಢಿ. ಮಠದ ಖರ್ಚಿಗೆ ಮರ ಮಾರುತ್ತಿದ್ದರು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದು ಮರಗಳು ಹಾಳಾದವು. ಸರಿ, ಪೆಟ್ಟಿಗೆಗಳನ್ನೇ ಮಾರೋಣ ಅಂತ 2007ರಲ್ಲಿ ಹೊರಟರು. ಎರಡು ನಮೂನೆ, ಒಂದಕ್ಕೆ 1,500 ಡಾಲರ್, ಇನ್ನೊಂದಕ್ಕೆ 2,000. ಶವಸಂಸ್ಕಾರದ ಅಂಗಡಿಗಳಲ್ಲಿ ಸಿಗುವುದಕ್ಕಿಂತ ಇದು ಸಾಕಷ್ಟು ಅಗ್ಗ.

ಕೂಡಲೇ ಶವಸಂಸ್ಕಾರದ ಕಸುಬನ್ನು ನಿಯಂತ್ರಿಸುವ ರಾಜ್ಯದ ಮಂಡಳಿಯಿಂದ ಆದೇಶ ಬಂತು, ನಿಲ್ಲಿಸಿ ಅಂತ. ರಾಜ್ಯದೊಳಗೆ ಶವಪೆಟ್ಟಿಗೆ ಮಾರಬೇಕಾದರೆ ಲೈಸೆನ್ಸ್ ಇರುವ ಫ್ಯೂನರಲ್ ಹೋಂ, ಅಂದರೆ ಶವಸಂಸ್ಕಾರ ನಡೆಸಿಕೊಡುವ ಸಂಸ್ಥೆ, ಆಗಿರಬೇಕು. ಆ ಲೈಸೆನ್ಸ್ ಬೇಕೆಂದರೆ 30 ಜನ ಕೂರುವಂಥ ಹಾಲ್ ಕಟ್ಟಬೇಕು, ಆರು ಪೆಟ್ಟಿಗೆ ಇಡುವ ಪ್ರದರ್ಶನ ಕೋಣೆ ಬೇಕು, ಹೆಣ ಕೆಡದಂತೆ ಮದ್ದು ತುಂಬುವ ವ್ಯವಸ್ಥೆ ಬೇಕು, ಪೂರ್ಣಾವಧಿಗೆ ಒಬ್ಬ ಲೈಸೆನ್ಸ್ ಇರುವ ನಿರ್ದೇಶಕ ಬೇಕು. ಇವರು ಹೆಣ ಮುಟ್ಟುವುದೇ ಇಲ್ಲ, ಮಾರುವುದು ಖಾಲಿ ಪೆಟ್ಟಿಗೆ!

ತಮಾಷೆ ಏನೆಂದರೆ ಪೆಟ್ಟಿಗೆ ಹೇಗಿರಬೇಕು ಅಂತ ಆ ರಾಜ್ಯದ ಕಾನೂನು ಒಂದಕ್ಷರವನ್ನೂ ಹೇಳಿರಲಿಲ್ಲ. ಪೆಟ್ಟಿಗೆಯಲ್ಲೇ ಹೂಳಬೇಕು ಅಂತಲೂ ಇರಲಿಲ್ಲ. ಮನೆಯವರೇ ಮಾಡಿಕೊಳ್ಳಬಹುದು, ಬೇರೆ ರಾಜ್ಯದಿಂದ ತರಿಸಿಕೊಳ್ಳಬಹುದು. ಹಾಗಿದ್ದ ಮೇಲೆ ಈ ನಿಯಮ ಕಾಪಾಡುತ್ತಿದ್ದದ್ದು ಯಾರನ್ನು? ಮಂಡಳಿಯಲ್ಲಿ ಒಂಬತ್ತು ಜನ, ಅದರಲ್ಲಿ ಎಂಟು ಜನ ಅದೇ ಕಸುಬಿನವರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಸನ್ಯಾಸಿಗಳು ಲಿಬರ್ಟೇರಿಯನ್ ವಕೀಲರ ಸಂಸ್ಥೆ ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಮೂಲಕ ಕೋರ್ಟಿಗೆ ಹೋದರು. 2013ರಲ್ಲಿ ಫೆಡರಲ್ (ಕೇಂದ್ರದ) ಮೇಲ್ಮನವಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು: ಒಂದು ಕಸುಬಿನವರನ್ನು ಪೈಪೋಟಿಯಿಂದ ಉಳಿಸುವುದೇ ಉದ್ದೇಶವಾದರೆ ಅದು ಕಾನೂನಿಗೆ ತಕ್ಕ ಕಾರಣ ಆಗುವುದಿಲ್ಲ. ಆದರೆ ಒಕ್ಲಹೋಮಾದಲ್ಲಿ ಇಂಥದ್ದೇ ಶವಪೆಟ್ಟಿಗೆ ಕೇಸು ಬಂದಾಗ, 2004ರಲ್ಲಿ, ಇನ್ನೊಂದು ಮೇಲ್ಮನವಿ ಕೋರ್ಟು ಪೂರ್ತಿ ಉಲ್ಟಾ ಹೇಳಿತ್ತು. ಸ್ಥಳೀಯ ಉದ್ಯಮವನ್ನು ಕಾಪಾಡುವುದು ರಾಜ್ಯದ ಹಕ್ಕು, ಬೇಕಿದ್ದರೆ ಹೋಗಿ ಶಾಸಕರನ್ನು ಕೇಳಿ ಅಂತ.

ಶಾಸಕರನ್ನು ಯಾರು ಕೇಳುತ್ತಾರೆ, ಹೇಳಿ? ಒಬ್ಬ ಮನುಷ್ಯ ಜೀವಮಾನದಲ್ಲಿ ಶವಪೆಟ್ಟಿಗೆ ಕೊಳ್ಳುವುದು ಒಂದು ಸಲವೋ ಎರಡು ಸಲವೋ. ಅದೂ ಅಳುತ್ತಾ. ಆಮೇಲೆ ಅದರ ಬಗ್ಗೆ ಯೋಚಿಸುವುದೂ ಇಲ್ಲ. ಮಾರುವವನಿಗೆ ಮಾತ್ರ ಅದೇ ಹೊಟ್ಟೆಪಾಡು, ಅವನು ಪ್ರತಿ ಸಭೆಗೂ ಹೋಗುತ್ತಾನೆ, ಸಂಘ ಕಟ್ಟುತ್ತಾನೆ, ಚುನಾವಣೆಗೆ ಚಂದಾ ಕೊಡುತ್ತಾನೆ. ಲಾಭ ಕೆಲವರ ಕೈಯಲ್ಲಿ ಗುಡ್ಡೆಯಾಗಿ ಬೀಳುತ್ತದೆ, ನಷ್ಟ ಲಕ್ಷಾಂತರ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ. ಜಾರ್ಜ್ ಸ್ಟಿಗ್ಲರ್ 1971ರಲ್ಲಿ ಇದನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಬರೆದಿಟ್ಟ: ನಿಯಂತ್ರಣ ಬಹಳ ಸಲ ಉದ್ಯಮದವರು ತಾವೇ ಕೇಳಿ ಪಡೆದದ್ದು, ತಮ್ಮ ಅನುಕೂಲಕ್ಕೆ ತಕ್ಕಂತೆ ರೂಪಿಸಿಕೊಂಡದ್ದು. 1982ರಲ್ಲಿ ಅವನಿಗೆ ನೊಬೆಲ್ ಸಿಕ್ಕಿತು.

ಇದು ಶವಪೆಟ್ಟಿಗೆಯ ಕಥೆ ಮಾತ್ರ ಅಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕೆಲಸಗಾರರಲ್ಲಿ ಶೇಕಡ 5ಕ್ಕಿಂತ ಕಡಿಮೆ ಜನರಿಗೆ ರಾಜ್ಯದ ಲೈಸೆನ್ಸ್ ಬೇಕಾಗಿತ್ತು. 2015ರಲ್ಲಿ ಒಬಾಮಾ ಕಾಲದ ಶ್ವೇತಭವನ ಹೊರಡಿಸಿದ ವರದಿ ಪ್ರಕಾರ ಆ ಹೊತ್ತಿಗೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಲೈಸೆನ್ಸ್ ಬೇಕಾಗಿತ್ತು. ವೈದ್ಯರಿಗೆ ಬೇಕು, ಒಪ್ಪಿದೆ. ಲೂಸಿಯಾನಾದಲ್ಲಿ ಹೂ ಜೋಡಿಸಿ ಮಾರುವವರಿಗೂ ಬೇಕಾಗಿತ್ತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಲಿಬರ್ಟೇರಿಯನ್ನರು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಸನ್ಯಾಸಿಗಳ ಪೆಟ್ಟಿಗೆಗೆ ಮಾರುಕಟ್ಟೆ ಸಾಧ್ಯವಾದದ್ದೇ 1984ರ ಒಂದು ಫೆಡರಲ್ ನಿಯಮದಿಂದ. ಅದಕ್ಕೂ ಮುಂಚೆ ಫ್ಯೂನರಲ್ ಹೋಂಗಳು ಪೆಟ್ಟಿಗೆ ನಮ್ಮಲ್ಲೇ ಕೊಂಡರೆ ಮಾತ್ರ ಉಳಿದ ಕೆಲಸ ಅಂತ ಪಟ್ಟು ಹಿಡಿಯಬಹುದಿತ್ತು. ಹಾಗೆ ಕಟ್ಟಿಹಾಕಬೇಡಿ ಅಂತ ಸರ್ಕಾರವೇ ಹೇಳಿತು. ಅಂದರೆ ಬಾಗಿಲು ಮುಚ್ಚುವ ನಿಯಮವೂ ಇದೆ, ತೆರೆಯುವ ನಿಯಮವೂ ಇದೆ.

ವಿಮಾನಗಳ ಕಥೆ ಇನ್ನೂ ದೊಡ್ಡದು. 1938ರಿಂದ 1978ರವರೆಗೆ ಅಮೆರಿಕದ ವಿಮಾನ ಕಂಪನಿಗಳೆಲ್ಲ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಅನ್ನುವ ಸರ್ಕಾರಿ ಮಂಡಳಿಯ ಬಿಗಿ ಹಿಡಿತದಲ್ಲಿದ್ದವು. ಯಾವ ಕಂಪನಿ ಯಾವ ಮಾರ್ಗದಲ್ಲಿ ಹಾರಬೇಕು, ಟಿಕೆಟ್ ಎಷ್ಟಿರಬೇಕು, ಎಲ್ಲ ಅದೇ ಹೇಳುವುದು. ಆ 40 ವರ್ಷಗಳಲ್ಲಿ ದೇಶದ ಮುಖ್ಯ ಮಾರ್ಗಗಳಿಗೆ ಒಂದೇ ಒಂದು ಹೊಸ ದೊಡ್ಡ ಕಂಪನಿಗೂ ಅದು ಅನುಮತಿ ಕೊಡಲಿಲ್ಲ. ಆದರೆ ಒಂದೇ ರಾಜ್ಯದೊಳಗೆ ಹಾರುವವರ ಮೇಲೆ ಅದರ ಆಟ ನಡೆಯುತ್ತಿರಲಿಲ್ಲ. ಸೌತ್‌ವೆಸ್ಟ್ 1971ರಲ್ಲಿ ಟೆಕ್ಸಾಸ್ ಒಳಗಷ್ಟೇ ಹಾರಲು ಶುರು ಮಾಡಿ, ಅಷ್ಟೇ ದೂರಕ್ಕೆ ಬೇರೆಯವರು ಕೇಳುವುದಕ್ಕಿಂತ ಎಷ್ಟೋ ಕಡಿಮೆ ದರ ಇಟ್ಟಿತು. ಒಳಗೂ ಹೊರಗೂ ಇದ್ದ ಈ ವ್ಯತ್ಯಾಸ ಎದ್ದು ಕಾಣತೊಡಗಿದ ಮೇಲೆ ಬೋರ್ಡಿನ ಪರ ವಾದಿಸುವುದು ಕಷ್ಟವಾಯಿತು. 1978ರಲ್ಲಿ ಅಧ್ಯಕ್ಷ ಕಾರ್ಟರ್ ನಿಯಂತ್ರಣ ತೆಗೆಯುವ ಕಾನೂನಿಗೆ ಸಹಿ ಹಾಕಿದರು, ಬೋರ್ಡಿನ ಮುಖ್ಯಸ್ಥ ಆಲ್‌ಫ್ರೆಡ್ ಕಾನ್ ತನ್ನ ಕಚೇರಿಯನ್ನೇ ಮುಚ್ಚುವ ಪರ ನಿಂತರು. ಇದನ್ನು ಮುಂದೆ ನಿಂತು ತಳ್ಳಿದವರಲ್ಲಿ ಸೆನೆಟರ್ ಟೆಡ್ ಕೆನಡಿ ಒಬ್ಬರು, ಅವರನ್ನು ಯಾರೂ ಲಿಬರ್ಟೇರಿಯನ್ ಅನ್ನುವುದಿಲ್ಲ. ಸುರಕ್ಷತೆಯ ನಿಯಮಗಳನ್ನು ಮುಟ್ಟಲಿಲ್ಲ ಅನ್ನುವುದನ್ನೂ ನೆನಪಿಡಿ. ದರ ಇಳಿಯಿತು, ಹಾರುವವರು ಹೆಚ್ಚಾದರು. ಸೀಟು ಕಿರಿದಾಯಿತು, ಸಣ್ಣ ಊರುಗಳಿಗೆ ವಿಮಾನ ಕಡಿಮೆಯಾಯಿತು, ಕೊನೆಗೆ ನಾಲ್ಕೈದು ದೊಡ್ಡ ಕಂಪನಿಗಳೇ ಉಳಿದವು, ಅದೂ ನಿಜ.

ಇದನ್ನೆಲ್ಲ ನೋಡಿದ ಮೇಲೆ ಒಂದು ಗೊಂದಲ ತಿಳಿಯಾಗುತ್ತದೆ. ಮಾರುಕಟ್ಟೆಯ ಪರ ಇರುವುದು ಬೇರೆ, ಕಂಪನಿಗಳ ಪರ ಇರುವುದು ಬೇರೆ. ದೊಡ್ಡ ಕಂಪನಿಗಳಿಗೆ ಪೈಪೋಟಿ ಇಷ್ಟವೇ ಇಲ್ಲ, ಅವಕ್ಕೆ ಬೇಕಾಗುವುದು ತಮ್ಮನ್ನು ಕಾಪಾಡುವ ಸರ್ಕಾರ. 2008ರಲ್ಲಿ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರಿನ ಯೋಜನೆ ಬಂದಾಗ ನಿಜವಾದ ಲಿಬರ್ಟೇರಿಯನ್ನರು ಕೂಗಿ ವಿರೋಧಿಸಿದರು: ಲಾಭ ಬಂದಾಗ ನಿಮ್ಮದು, ಮುಳುಗಿದಾಗ ಎಲ್ಲರದ್ದೂ ಅಂದರೆ ಹೇಗೆ? ಯಾರು ನಿಜವಾದವರು, ಯಾರು ಸುಮ್ನೆ ಆ ಹೆಸರು ಹಾಕಿಕೊಂಡವರು ಅಂತ ತಿಳಿಯಬೇಕಾದರೆ ಇಂಥ ಸಂದರ್ಭದಲ್ಲಿ ಏನು ಹೇಳಿದರು ಅಂತ ನೋಡಿದರೆ ಸಾಕು.

ಇನ್ನು ರಾಜಕೀಯಕ್ಕೆ ಬರೋಣ. ಇಲ್ಲಿ ಅವರ ಮುಖ್ಯ ವಾದ ಇಷ್ಟೇ: ಸರ್ಕಾರಕ್ಕೆ ಒಂದು ಅಧಿಕಾರ ಕೊಡುವಾಗ ಅದನ್ನು ಕೇಳಿದವರ ಉದ್ದೇಶ ನೋಡಬೇಡಿ, ಅಧಿಕಾರವನ್ನು ನೋಡಿ. ಉದ್ದೇಶ ಇವತ್ತಿನ ಮಂತ್ರಿಯ ಜೊತೆ ಮನೆಗೆ ಹೋಗುತ್ತದೆ, ಅಧಿಕಾರ ಕುರ್ಚಿಯಲ್ಲೇ ಉಳಿಯುತ್ತದೆ. ನಾಳೆ ಆ ಕುರ್ಚಿಯಲ್ಲಿ ನಿಮಗೆ ಆಗದವನು ಬಂದು ಕೂರುತ್ತಾನೆ.

ರಾಬರ್ಟ್ ಹಿಗ್ಸ್ ಅನ್ನುವ ಇತಿಹಾಸಕಾರ 1987ರಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿದರು. ಯುದ್ಧವೋ ಆರ್ಥಿಕ ಕುಸಿತವೋ ಬಂದಾಗ ಸರ್ಕಾರ ಉಬ್ಬುತ್ತದೆ. ಸಂಕಟ ಮುಗಿದ ಮೇಲೆ ಸ್ವಲ್ಪ ಇಳಿಯುತ್ತದೆ, ಆದರೆ ಮೊದಲಿದ್ದ ಮಟ್ಟಕ್ಕೆ ಇಳಿಯುವುದಿಲ್ಲ. ಅಮೆರಿಕದ ಆದಾಯ ತೆರಿಗೆಯನ್ನೇ ನೋಡಿ. 1913ರಲ್ಲಿ ಶುರುವಾದಾಗ ಅತಿ ಹೆಚ್ಚಿನ ದರ ಶೇಕಡ 7. ಮೊದಲ ಮಹಾಯುದ್ಧದ ಹೊತ್ತಿಗೆ, 1918ರಲ್ಲಿ, ಶೇಕಡ 77. ಆಮೇಲೆ ಇಳಿಯಿತು, ಆದರೆ ಮತ್ತೆ 7ಕ್ಕೆ ಬರಲೇ ಇಲ್ಲ. ಸಂಬಳ ಕೈಗೆ ಬರುವ ಮುಂಚೆಯೇ ತೆರಿಗೆ ಮುರಿದುಕೊಳ್ಳುವ ಪದ್ಧತಿ ಎರಡನೇ ಮಹಾಯುದ್ಧದ ಕಾಲದ್ದು, 1943ರದ್ದು. ಅದನ್ನು ರೂಪಿಸಲು ಖಜಾನೆ ಇಲಾಖೆಯಲ್ಲಿ ಕೂತು ಕೆಲಸ ಮಾಡಿದವರಲ್ಲಿ ಒಬ್ಬ ತರುಣ ಅರ್ಥಶಾಸ್ತ್ರಜ್ಞ ಇದ್ದ, ಹೆಸರು ಮಿಲ್ಟನ್ ಫ್ರೀಡ್‌ಮನ್! ಮುಂದೆ ಸಣ್ಣ ಸರ್ಕಾರದ ಅತಿ ದೊಡ್ಡ ವಕ್ತಾರ ಆದವರು. ಯುದ್ಧಕ್ಕೆ ಬೇಕಾಗಿತ್ತು, ಆದರೆ ಅದು ಆಮೇಲೂ ಉಳಿದುಬಿಟ್ಟಿತಲ್ಲ ಅಂತ ಅವರೇ ಪೇಚಾಡಿದ್ದುಂಟು.

ಇದಕ್ಕಿಂತ ವಿಚಿತ್ರ ತುರ್ತು ಪರಿಸ್ಥಿತಿಯದ್ದು. 1979ರ ನವೆಂಬರಿನಲ್ಲಿ ಇರಾನಿನಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಯಲ್ಲಿ ಅಮೆರಿಕನ್ನರನ್ನು ಒತ್ತೆ ಇಟ್ಟುಕೊಂಡಾಗ ಕಾರ್ಟರ್ ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಿಸಿದರು. ಒತ್ತೆಯಾಳುಗಳು 1981ರಲ್ಲೇ ಮನೆಗೆ ಬಂದರು. ತುರ್ತು ಪರಿಸ್ಥಿತಿ ಮಾತ್ರ ಮುಗಿಯಲಿಲ್ಲ. ಆಮೇಲೆ ಬಂದ ಅಧ್ಯಕ್ಷರೆಲ್ಲ, ಪಕ್ಷ ಯಾವುದೇ ಇರಲಿ, ವರ್ಷ ವರ್ಷ ಅದನ್ನು ಮುಂದುವರಿಸಿಕೊಂಡೇ ಬಂದಿದ್ದಾರೆ. 40 ವರ್ಷ ದಾಟಿದ ಮೇಲೂ ಅದನ್ನು ತುರ್ತು ಅನ್ನುತ್ತಾರಲ್ಲ, ಅದಕ್ಕೆ ಏನು ಹೇಳೋಣ.

ಆಸ್ತಿಯ ವಿಷಯದಲ್ಲಿ ಎಲ್ಲರಿಗೂ ನೆನಪಿರುವುದು ಕೀಲೋ ಕೇಸು. ಕನೆಟಿಕಟ್ ರಾಜ್ಯದ ನ್ಯೂ ಲಂಡನ್ ನಗರ, ಹೊಳೆ ದಂಡೆಯ ಒಂದು ಹಳೆಯ ಬಡಾವಣೆ. ಪಕ್ಕದಲ್ಲೇ ಫೈಜರ್ ಕಂಪನಿ ಸಂಶೋಧನಾ ಕೇಂದ್ರ ಕಟ್ಟುತ್ತಿತ್ತು. ಬಡಾವಣೆ ಕೆಡವಿ ಹೋಟೆಲು, ಕಚೇರಿ, ಹೊಸ ಮನೆ ಕಟ್ಟಿದರೆ ಕೆಲಸ ಹುಟ್ಟುತ್ತದೆ, ತೆರಿಗೆ ಬರುತ್ತದೆ ಅಂತ ನಗರದ ಲೆಕ್ಕಾಚಾರ. ಸುಜೆಟ್ ಕೀಲೋ ಅನ್ನುವ ನರ್ಸ್ ತನ್ನ ಗುಲಾಬಿ ಬಣ್ಣದ ಪುಟ್ಟ ಮನೆಯನ್ನು ಬಿಡಲು ಒಪ್ಪಲಿಲ್ಲ. ಅದೇ ಬಡಾವಣೆಯಲ್ಲಿ 1918ರಲ್ಲಿ ತಾನು ಹುಟ್ಟಿದ ಮನೆಯಲ್ಲೇ ಜೀವನ ಕಳೆದ ಅಜ್ಜಿಯೊಬ್ಬರು ಇದ್ದರು, ಅವರೂ ಒಪ್ಪಲಿಲ್ಲ. ರಸ್ತೆಗೋ ಸೇತುವೆಗೋ ಜಾಗ ಬೇಕಾದರೆ ಪರಿಹಾರ ಕೊಟ್ಟು ತೆಗೆದುಕೊಳ್ಳಬಹುದು ಅಂತ ಸಂವಿಧಾನದಲ್ಲೇ ಇದೆ. ಒಬ್ಬ ಖಾಸಗಿಯವನಿಂದ ಕಿತ್ತು ಇನ್ನೊಬ್ಬ ಖಾಸಗಿಯವನಿಗೆ ಕೊಡುವುದೂ ಸಾರ್ವಜನಿಕ ಬಳಕೆಯಾ? 2005ರಲ್ಲಿ ಸುಪ್ರೀಂ ಕೋರ್ಟು ಹೌದು ಅಂದಿತು, 5-4ರ ಅಂತರದಲ್ಲಿ.

ಆಮೇಲೇನಾಯಿತು ಗೊತ್ತಾ? ಮನೆಗಳು ಹೋದವು, ಯೋಜನೆ ಮೇಲೇಳಲಿಲ್ಲ. 2009ರಲ್ಲಿ ಫೈಜರ್ ಕೂಡ ತಾನು ಅಲ್ಲಿಂದ ಹೊರಡುತ್ತೇನೆ ಅಂತ ಘೋಷಿಸಿತು. ಆ ಜಾಗ ವರ್ಷಗಟ್ಟಲೆ ಹುಲ್ಲು ಬೆಳೆದುಕೊಂಡು ಬಿದ್ದಿತ್ತು. ಜನರಿಗೆ ಎಷ್ಟು ಸಿಟ್ಟು ಬಂತೆಂದರೆ 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನು ಬದಲಿಸಿಕೊಂಡವು, ಕೆಲವು ಗಟ್ಟಿಯಾಗಿ, ಕೆಲವು ತೋರಿಕೆಗೆ. ಅರ್ಥಶಾಸ್ತ್ರಜ್ಞ ಹಯೆಕ್ 1945ರಲ್ಲಿ ಹೇಳಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾವ ಜಾಗ ಯಾವುದಕ್ಕೆ ಲಾಯಕ್ಕು, ಯಾರಿಗೆ ಏನು ಮುಖ್ಯ ಅನ್ನುವ ತಿಳಿವಳಿಕೆ ಸಾವಿರಾರು ಜನರ ತಲೆಯಲ್ಲಿ ಚೆದುರಿಕೊಂಡಿರುತ್ತದೆ, ಅದನ್ನೆಲ್ಲ ಒಂದು ಕಚೇರಿಯ ಮೇಜಿಗೆ ತಂದು ಸುರಿಯಲು ಆಗುವುದಿಲ್ಲ.

ಮುಟ್ಟುಗೋಲಿನ ಬಗ್ಗೆಯೂ ಒಂದು ಮಾತು. ಇಂಡಿಯಾನಾದಲ್ಲಿ ಟೈಸನ್ ಟಿಂಬ್ಸ್ ಅನ್ನುವವನು ಕೆಲವು ನೂರು ಡಾಲರಿನ ಮಾದಕ ವಸ್ತು ಮಾರಿ ಸಿಕ್ಕಿಬಿದ್ದ. ಆ ಅಪರಾಧಕ್ಕೆ ಇದ್ದ ಗರಿಷ್ಠ ದಂಡ 10,000 ಡಾಲರ್. ಸರ್ಕಾರ ಹಿಡಿದುಕೊಂಡದ್ದು ಅವನ 42,000 ಡಾಲರಿನ ಕಾರು, ಅದೂ ಅಪ್ಪ ಸತ್ತಾಗ ಬಂದ ವಿಮೆ ದುಡ್ಡಲ್ಲಿ ಕೊಂಡದ್ದು. ಅತಿಯಾದ ದಂಡ ಕೂಡದು ಅನ್ನುವ ಸಂವಿಧಾನದ ಮಾತು ರಾಜ್ಯಗಳಿಗೂ ಅನ್ವಯಿಸುತ್ತದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ಎಡವೂ ಬಲವೂ ಒಂದಾದ ಅಪರೂಪದ ಗಳಿಗೆ.

ತಂತ್ರಜ್ಞಾನದ ವಿಷಯಕ್ಕೆ ಬಂದರೆ ಲಿಬರ್ಟೇರಿಯನ್ನರ ವಾದ ಅತಿ ಗಟ್ಟಿಯಾಗಿರುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಎನ್‌ಕ್ರಿಪ್ಷನ್ ತಗೊಳ್ಳಿ. ಸಂದೇಶವನ್ನು ಕಳಿಸಿದವನು, ಪಡೆದವನು ಬಿಟ್ಟು ಇನ್ಯಾರೂ ಓದಲಾಗದಂತೆ ಬೀಗ ಹಾಕುವುದು ಅಷ್ಟೇ. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಪಿಜಿಪಿ ಅನ್ನುವ ತಂತ್ರಾಂಶ ಬರೆದು ಪುಕ್ಕಟೆಯಾಗಿ ಹಂಚಿದರು. ಆಗಿನ ಅಮೆರಿಕದ ಕಾನೂನಿನಲ್ಲಿ ಗಟ್ಟಿ ಎನ್‌ಕ್ರಿಪ್ಷನ್ ಅಂದರೆ ಯುದ್ಧಸಾಮಗ್ರಿ. ಅದು ಇಂಟರ್ನೆಟ್ ಮೂಲಕ ದೇಶದ ಹೊರಗೆ ಹೋಯಿತು ಅಂತ ಅವರ ಮೇಲೆ ಕ್ರಿಮಿನಲ್ ತನಿಖೆ ಶುರುವಾಯಿತು, ಅನುಮತಿಯಿಲ್ಲದೆ ಆಯುಧ ರಫ್ತು ಮಾಡಿದವನ ಮೇಲೆ ಆಗುವ ಹಾಗೆ. ಅವರ ಕಡೆಯವರು ಒಂದು ಚಂದದ ಉಪಾಯ ಮಾಡಿದರು. ಪೂರ್ತಿ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು, ಎಂಐಟಿ ಪ್ರೆಸ್‌ನಿಂದ. ಡಿಸ್ಕಿನಲ್ಲಿದ್ದರೆ ಆಯುಧ, ಕಾಗದದ ಮೇಲಿದ್ದರೆ ಪುಸ್ತಕ. ಪುಸ್ತಕ ರಫ್ತು ತಡೆದರೆ ವಾಕ್ ಸ್ವಾತಂತ್ರ್ಯದ ಮೇಲೆ ಕೈ ಹಾಕಿದ ಹಾಗೆ. 1996ರ ಜನವರಿಯಲ್ಲಿ ತನಿಖೆಯನ್ನು ಕೈಬಿಟ್ಟರು.

ಇದರ ನಡುವೆ 1993ರಲ್ಲಿ ಸರ್ಕಾರ ಕ್ಲಿಪ್ಪರ್ ಚಿಪ್ ಅಂತ ತಂದಿತು. ಫೋನುಗಳಲ್ಲಿ ಎನ್‌ಕ್ರಿಪ್ಷನ್ ಇರಲಿ, ಆದರೆ ಅದರ ಒಂದು ಕೀಲಿ ನಮ್ಮ ಹತ್ತಿರವೂ ಇರಲಿ, ಕೋರ್ಟಿನ ಆದೇಶ ಇದ್ದಾಗ ಮಾತ್ರ ಬಳಸುತ್ತೇವೆ. ಕೇಳಲು ಸರಿಯಾಗಿದೆ ಅಲ್ವಾ? ಮರುವರ್ಷವೇ ಮ್ಯಾಟ್ ಬ್ಲೇಜ್ ಅನ್ನುವ ಸಂಶೋಧಕ ಅದರಲ್ಲಿ ಸರ್ಕಾರದ ಕೀಲಿ ಕೆಲಸ ಮಾಡದಂತೆ ತಪ್ಪಿಸುವ ದಾರಿ ಕಂಡುಹಿಡಿದರು. ಚಿಪ್ ಮೂಲೆಗೆ ಬಿತ್ತು.

ಆದರೆ ಆ ಆಸೆ ಸಾಯಲಿಲ್ಲ. 2016ರಲ್ಲಿ ಸ್ಯಾನ್ ಬರ್ನಾರ್ಡಿನೋ ಗುಂಡಿನ ದಾಳಿ ನಡೆಸಿದವನ ಐಫೋನ್ ತೆರೆಯಲು ವಿಶೇಷ ತಂತ್ರಾಂಶ ಬರೆದುಕೊಡಿ ಅಂತ ಎಫ್‌ಬಿಐ ಕೋರ್ಟಿನ ಮೂಲಕ ಆ್ಯಪಲ್‌ಗೆ ಆದೇಶ ಕೊಡಿಸಿತು. ಆಧಾರ ಯಾವುದು ಅಂದರೆ 1789ರ ಒಂದು ಕಾನೂನು. ಆ್ಯಪಲ್ ಒಪ್ಪಲಿಲ್ಲ, ಕೊನೆಗೆ ಎಫ್‌ಬಿಐ ಬೇರೆ ಯಾರಿಂದಲೋ ಫೋನ್ ತೆಗೆಸಿಕೊಂಡು ಕೇಸು ವಾಪಸ್ ಪಡೆಯಿತು. 2025ರಲ್ಲಿ ಬ್ರಿಟನ್ ಇಂಥದ್ದೇ ಒತ್ತಡ ಹಾಕಿದಾಗ ಆ್ಯಪಲ್ ಅಲ್ಲಿಯ ಬಳಕೆದಾರರಿಗೆ ತನ್ನ ಅತಿ ಗಟ್ಟಿ ಕ್ಲೌಡ್ ಸುರಕ್ಷತೆಯ ಸೌಲಭ್ಯವನ್ನೇ ನಿಲ್ಲಿಸಿತು.

ಒಳ್ಳೆಯವರಿಗೆ ಮಾತ್ರ ತೆರೆಯುವ ಹಿಂಬಾಗಿಲು ಅಂತ ಇರುವುದಿಲ್ಲ ಅನ್ನುವುದು ಇದಕ್ಕೆ ಉತ್ತರ. ಇದು ರಾಜಕೀಯಕ್ಕಿಂತ ಜಾಸ್ತಿ ಗಣಿತದ ಮಾತು. 2024ರಲ್ಲಿ ಇದು ಕಣ್ಣೆದುರೇ ಸಾಬೀತಾಯಿತು. 1994ರ ಒಂದು ಕಾನೂನಿನ ಪ್ರಕಾರ ಅಮೆರಿಕದ ಫೋನ್ ಕಂಪನಿಗಳು ಪೊಲೀಸರಿಗೆ ಕರೆ ಕದ್ದಾಲಿಸಲು ಅನುಕೂಲವಾಗುವ ವ್ಯವಸ್ಥೆಯನ್ನು ತಮ್ಮ ಜಾಲದೊಳಗೇ ಕಟ್ಟಿಕೊಡಬೇಕು. ಸಾಲ್ಟ್ ಟೈಫೂನ್ ಅಂತ ಹೆಸರಾದ, ಚೀನಾ ಸರ್ಕಾರದ ನಂಟಿದೆ ಅಂತ ಅಮೆರಿಕ ಹೇಳುವ ಹ್ಯಾಕರ್‌ಗಳ ತಂಡ ಆ ಕಂಪನಿಗಳ ಒಳಗೆ ನುಗ್ಗಿ ಈ ಕದ್ದಾಲಿಕೆ ವ್ಯವಸ್ಥೆಗೇ ಕೈ ಹಾಕಿತು. ಆಗ ಅಮೆರಿಕದ ಅಧಿಕಾರಿಗಳು ಜನರಿಗೆ ಕೊಟ್ಟ ಸಲಹೆ ಏನು ಗೊತ್ತಾ, ಎನ್‌ಕ್ರಿಪ್ಷನ್ ಇರುವ ಆ್ಯಪ್ ಬಳಸಿ ಅಂತ!

ಕಣ್ಗಾವಲಿನ ಕಥೆಯೂ ಹಾಗೇ. 2001ರ ಸೆಪ್ಟೆಂಬರ್ ದಾಳಿಯ ಆರೇಳು ವಾರದೊಳಗೆ ಪೇಟ್ರಿಯಟ್ ಕಾಯ್ದೆ ಬಂತು. ಮೇಲ್ಮನೆಯಾದ ಸೆನೆಟ್‌ನಲ್ಲಿ ವಿರುದ್ಧ ಮತ ಹಾಕಿದ್ದು ಒಬ್ಬರೇ, ರಸ್ ಫೈನ್‌ಗೋಲ್ಡ್. ತನಿಖೆಗೆ ಬೇಕಾದ ದಾಖಲೆ ಪಡೆಯಬಹುದು ಅಂತ ಅದರಲ್ಲಿ ಒಂದು ಸೆಕ್ಷನ್, 215. ಅದನ್ನೇ ಎಳೆದು ಎಳೆದು, ದೇಶದ ಕೋಟ್ಯಂತರ ಜನ ಯಾರಿಗೆ ಯಾವಾಗ ಎಷ್ಟು ಹೊತ್ತು ಕರೆ ಮಾಡಿದರು ಅನ್ನುವ ದಾಖಲೆಯನ್ನು ದಿನಾ ಬಾಚಿಕೊಳ್ಳುವ ಮಟ್ಟಕ್ಕೆ ತಂದರು. 2013ರ ಮಾರ್ಚಿನಲ್ಲಿ, ಲಕ್ಷಾಂತರ ಅಮೆರಿಕನ್ನರ ಮಾಹಿತಿ ಸಂಗ್ರಹಿಸುತ್ತಿದ್ದೀರಾ ಅಂತ ಸೆನೆಟ್ ಸಮಿತಿಯಲ್ಲಿ ಕೇಳಿದಾಗ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲಾಪರ್ ಇಲ್ಲ ಅಂದರು. ಮೂರು ತಿಂಗಳಿಗೆ, ಗುಪ್ತಚರ ಸಂಸ್ಥೆಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ದಾಖಲೆಗಳು ಹೊರಬಿದ್ದವು. 2015ರಲ್ಲಿ ಮೇಲ್ಮನವಿ ಕೋರ್ಟು ಆ ಕಾನೂನು ಇಷ್ಟಕ್ಕೆಲ್ಲ ಅನುಮತಿ ಕೊಟ್ಟೇ ಇಲ್ಲ ಅಂತ ಹೇಳಿತು. ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು.

ಮಾತನ್ನು ತಡೆಯುವ ವಿಷಯದಲ್ಲಿ ದಾರಿ ಇನ್ನೂ ನಯವಾದದ್ದು. ಸರ್ಕಾರ ತಾನೇ ಸೆನ್ಸಾರ್ ಮಾಡುವಂತಿಲ್ಲ, ಆದರೆ ಕಂಪನಿಗೆ ಫೋನ್ ಮಾಡಿ ಹೀಗೆ ಮಾಡಿದರೆ ಒಳ್ಳೆಯದು ಅನ್ನಬಹುದು, ಕಂಪನಿಗೆ ಅರ್ಥವಾಗುತ್ತದೆ. ಹೀಗೆ ಮೂರನೆಯವರ ಕೈ ತಿರುಚಿ ಮಾತನ್ನು ಶಿಕ್ಷಿಸುವಂತಿಲ್ಲ ಅಂತ 2024ರಲ್ಲಿ ಬಂದೂಕು ಸಂಘಟನೆ ಎನ್‌ಆರ್‌ಎ ಹೂಡಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಎನ್‌ಆರ್‌ಎ ಪರ ವಾದಿಸಿದ್ದು ಉದಾರವಾದಿಗಳ ಅಚ್ಚುಮೆಚ್ಚಿನ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು. ಸ್ವಲ್ಪ ದಿನಕ್ಕೇ, ಸೋಷಿಯಲ್ ಮೀಡಿಯಾ ಮೇಲೆ ಬೈಡನ್ ಸರ್ಕಾರ ಹಾಕಿದ ಒತ್ತಡದ ಕೇಸು ಬಂದಾಗ, ದೂರು ಕೊಟ್ಟವರಿಗೆ ಕೇಸು ಹಾಕುವ ಅರ್ಹತೆಯೇ ಇಲ್ಲ ಅಂತ ಅದೇ ಕೋರ್ಟು ತಳ್ಳಿಹಾಕಿತು. ವಿನಂತಿ ಎಲ್ಲಿ ಮುಗಿದು ಬೆದರಿಕೆ ಎಲ್ಲಿ ಶುರುವಾಗುತ್ತದೆ ಅನ್ನುವುದು ಹಾಗೇ ಉಳಿದಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನನ್ನ ಮಟ್ಟಿಗೆ ಲಿಬರ್ಟೇರಿಯನ್ನರು ರೋಗ ಗುರುತಿಸುವುದರಲ್ಲಿ ಗಟ್ಟಿಗರು, ಮದ್ದು ಕೊಡುವಾಗ ಎಡವುತ್ತಾರೆ.

1960ರಲ್ಲಿ ಥ್ಯಾಲಿಡೋಮೈಡ್ ಅನ್ನುವ ನಿದ್ದೆ ಮಾತ್ರೆಯನ್ನು ಅಮೆರಿಕದಲ್ಲಿ ಮಾರಲು ಅರ್ಜಿ ಬಂತು. ಯುರೋಪಿನಲ್ಲಿ ಆಗಲೇ ಮಾರುತ್ತಿದ್ದರು, ಬಸುರಿಯರೂ ತೆಗೆದುಕೊಳ್ಳುತ್ತಿದ್ದರು. ಔಷಧ ನಿಯಂತ್ರಣ ಸಂಸ್ಥೆಗೆ ಹೊಸದಾಗಿ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಅನ್ನುವ ಮಹಿಳೆ ಸಾಕ್ಷ್ಯ ಸಾಲದು ಅಂತ ಅರ್ಜಿಯನ್ನು ತಡೆಹಿಡಿದರು. ಕಂಪನಿ ಮತ್ತೆ ಮತ್ತೆ ಒತ್ತಿತು, ಆಕೆ ಜಗ್ಗಲಿಲ್ಲ. 1961ರ ಕೊನೆಗೆ ನಿಜ ಬಯಲಾಯಿತು: ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ, ಬೇರೆ ಬೇರೆ ಊನಗಳೊಂದಿಗೆ ಹುಟ್ಟಿದ್ದರು. ಅಮೆರಿಕ ಬಹುಪಾಲು ಪಾರಾಯಿತು. ಕೆಲಸಕ್ಕೆ ಬಾರದ ಅಡ್ಡಿ ಅಂತ ಕಂಪನಿ ಕರೆಯುತ್ತಿದ್ದ ಆ ವಿಳಂಬವೇ ಮಕ್ಕಳನ್ನು ಉಳಿಸಿತು.

ಲಿಬರ್ಟೇರಿಯನ್ನರ ಹತ್ತಿರ ಇದಕ್ಕೂ ಉತ್ತರ ಇದೆ, ಅದು ಉಡಾಫೆಯ ಉತ್ತರ ಅಲ್ಲ. ಕೆಟ್ಟ ಮದ್ದಿಗೆ ಅನುಮತಿ ಕೊಟ್ಟರೆ ಸತ್ತವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಒಳ್ಳೆಯ ಮದ್ದನ್ನು ತಡ ಮಾಡಿದರೆ, ಆ ತಡದಿಂದ ಸತ್ತವರು ಯಾರು ಅಂತ ಅವರ ಮನೆಯವರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅಧಿಕಾರಿಗೆ ತಡ ಮಾಡುವುದೇ ಯಾವಾಗಲೂ ಕ್ಷೇಮ. ಈ ಮಾತಿನಲ್ಲಿ ಹುರುಳಿದೆ. ಆದರೆ ಅಲ್ಲಿಂದ ಪರೀಕ್ಷಿಸುವವರೇ ಬೇಡ, ಮೋಸ ಹೋದವರು ಆಮೇಲೆ ಕೋರ್ಟಿಗೆ ಹೋಗಲಿ ಅನ್ನುವಲ್ಲಿಗೆ ಹಾರಿದರೆ ನಾನು ಹಿಂದೆ ಉಳಿಯುತ್ತೇನೆ. ಕೈಯಿಲ್ಲದ ಮಗುವಿಗೆ ಕೋರ್ಟು ಏನು ಕೊಡುತ್ತದೆ? ಗಾಳಿ ನೀರಿನ ವಿಷಯದಲ್ಲೂ ಇದೇ ತೊಂದರೆ. ಪೆಟ್ರೋಲಿನ ಸೀಸ ಯಾರ ಕಾರಿನಿಂದ ಬಂದು ಯಾರ ಮಗುವಿನ ರಕ್ತ ಸೇರಿತು ಅಂತ ಹೇಳಿ ಯಾರ ಮೇಲೆ ದಾವೆ ಹಾಕುವುದು?

ಇನ್ನೊಂದು ತೊಂದರೆ ಖಾಸಗಿ ಬಲದ್ದು. ಸರ್ಕಾರದ ಬಲವಂತವನ್ನು ಅಳೆಯಲು ಅವರ ಹತ್ತಿರ ಬಲು ಸೂಕ್ಷ್ಮವಾದ ತಕ್ಕಡಿ ಇದೆ. ದೊಡ್ಡ ಕಂಪನಿಯದ್ದು ಬಂದಾಗ ಇಷ್ಟವಿಲ್ಲದಿದ್ದರೆ ಬಿಡಿ, ಯಾರು ಕಟ್ಟಿಹಾಕಿದ್ದಾರೆ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಎಲ್ಲರೂ ಇರುವ ಜಾಲವನ್ನು ಒಬ್ಬರೇ ಬಿಟ್ಟು ಹೋಗುವುದು ಅಷ್ಟು ಸುಲಭ ಅಲ್ಲ. ಮಾಹಿತಿ ಮಾರಾಟದ ವಿಷಯದಲ್ಲಂತೂ ಅವರವರಲ್ಲೇ ಜಗಳ ಇದೆ.

2018ರಲ್ಲಿ ಕಾರ್ಪೆಂಟರ್ ಅನ್ನುವವನ ಕೇಸು ಬಂತು. ಪೊಲೀಸರು ಫೋನ್ ಕಂಪನಿಯಿಂದ ಅವನ 127 ದಿನಗಳ ಓಡಾಟದ ದಾಖಲೆ ಪಡೆದಿದ್ದರು, ಅವನು ಎಲ್ಲಿದ್ದ ಅನ್ನುವ ಒಟ್ಟು 12,898 ಗುರುತು. ಕಂಪನಿಗೆ ನೀವಾಗಿಯೇ ಕೊಟ್ಟ ಮಾಹಿತಿ ಮೇಲೆ ನಿಮಗೆ ಗೋಪ್ಯತೆಯ ಹಕ್ಕಿಲ್ಲ ಅನ್ನುವುದು 1970ರ ದಶಕದಿಂದ ನಡೆದುಬಂದ ನಿಯಮ. ಇಷ್ಟು ವಿವರವಾದ ಓಡಾಟದ ದಾಖಲೆಗೆ ವಾರಂಟ್ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟು 5-4ರಲ್ಲಿ ಹೇಳಿತು. ಒಳ್ಳೆಯದಾಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ದಾರಿ ಕಂಡಿತು. ವಾರಂಟ್ ಯಾಕೆ ಬೇಕು, ದುಡ್ಡು ಕೊಟ್ಟರಾಯಿತಲ್ಲ! ಹವಾಮಾನದ ಆ್ಯಪು, ಆಟದ ಆ್ಯಪು ಸೋರಿಸುವ ಸ್ಥಳ ಮಾಹಿತಿಯನ್ನು ದಲ್ಲಾಳಿ ಕಂಪನಿಗಳು ಒಟ್ಟುಮಾಡಿ ಮಾರುತ್ತವೆ, ಕೊಳ್ಳುವವರಲ್ಲಿ ಸರ್ಕಾರಿ ಇಲಾಖೆಗಳೂ ಇವೆ. ಅಮೆರಿಕದ ಗುಪ್ತಚರ ಇಲಾಖೆಯ ವರದಿಯೊಂದು 2023ರಲ್ಲಿ ಹೊರಬಂದಾಗ ಇದನ್ನು ಅದೇ ಒಪ್ಪಿಕೊಂಡಿತು.

ಇದರಲ್ಲಿ ತಪ್ಪು ಯಾರದ್ದು? ಇಬ್ಬರು ಒಪ್ಪಿ ಮಾಡಿದ ವ್ಯಾಪಾರ, ಬಲವಂತ ಎಲ್ಲಿದೆ ಅಂತ ಒಂದು ಗುಂಪು. ಸಂವಿಧಾನ ಬಾಗಿಲಲ್ಲಿ ತಡೆದದ್ದನ್ನು ಸರ್ಕಾರ ಕಿಟಕಿಯಿಂದ ಕೊಂಡುಕೊಳ್ಳುವುದು ಅತಿಕ್ರಮಣವೇ ಅಂತ ಇನ್ನೊಂದು ಗುಂಪು. ಈ ಕೊಳ್ಳುವಿಕೆಗೂ ಕೋರ್ಟಿನ ಆದೇಶ ಬೇಕು ಅನ್ನುವ ಮಸೂದೆ 2024ರ ಏಪ್ರಿಲಿನಲ್ಲಿ ಕೆಳಮನೆಯಲ್ಲಿ 219-199 ಮತಗಳಿಂದ ಪಾಸಾಯಿತು, ಪರವೂ ವಿರುದ್ಧವೂ ಎರಡೂ ಪಕ್ಷದವರು ಇದ್ದರು. ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ. ಆ ಮಸೂದೆ ಕೂಡ ತಡೆಯಲು ಹೊರಟದ್ದು ಸರ್ಕಾರ ಕೊಳ್ಳುವುದನ್ನು ಮಾತ್ರ. ದಲ್ಲಾಳಿ ಬೇರೆಯವರಿಗೆ ಮಾರುವುದನ್ನು ಅದು ಮುಟ್ಟುತ್ತಿರಲಿಲ್ಲ.